ಚಿಂತಾ ಅಂದ್ರೆ ಪ್ರೀತಿ: ಮಲಯ್ ಪ್ರೇಮಕಥೆಗಳು, ದಾರಿ ತಪ್ಪಿದ ಹುಡುಗರು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಕೆಲವು ವರ್ಷ ಕೌಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾದಲ್ಲಿ ಇದ್ದೆ. ಭಾಷೆ ಕಲಿಯೋಣ ಅಂತ ವ್ಯಾಕರಣದ ಪುಸ್ತಕ ತಂದೆ, ನಿದ್ದೆ ಬಂತು. ಆಮೇಲೆ ಪ್ರೇಮ ಕಾದಂಬರಿ, ಸಂಜೆಯ ಧಾರಾವಾಹಿ ಹಿಡಿದೆ. ನಿದ್ದೆ ಹಾರಿತು. ಊರಿಗೆ ಬಂದ ಮೇಲೆ ಗೆಳೆಯರು, ನೆಂಟರು, ಪತ್ರ ಬರೆಯುವವರು ಸುತ್ತಿ ಬಳಸಿ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

## ಹೊಸಬರಿಗೆ

"ಮಲಯ್ ಅಂದ್ರೆ ಮಲಯಾಳಂ ತಾನೇ?"

ಅಲ್ಲ ಸ್ವಾಮಿ. ಮಲಯಾಳಂ ನಮ್ಮ ಪಕ್ಕದ ಮನೆ. ಮಲಯ್ ಇರುವುದು ಸಮುದ್ರದ ಆಚೆ: ಮಲೇಷ್ಯಾ, ಸಿಂಗಾಪುರ, ಬ್ರೂನೈ. ಇಂಡೊನೇಷ್ಯಾದ ಭಾಷೆಯೂ ಅದೇ ಬೇರಿನದು. ಹಿಂದೆ ಜಾವಿ ಅನ್ನುವ ಅರಬ್ಬಿ ಮೂಲದ ಲಿಪಿಯಲ್ಲಿ ಬರೆಯುತ್ತಿದ್ದರು. ಈಗ ಹೆಚ್ಚಾಗಿ ರೋಮನ್ ಅಕ್ಷರ.

ಕಥೆ ಓದುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಮಲೇಷ್ಯಾದ ಸಂವಿಧಾನದ ಪ್ರಕಾರ ‘ಮಲಯ್’ ಅನ್ನಿಸಿಕೊಳ್ಳಬೇಕಾದರೆ ಮೂರು ಸೇರಬೇಕು: ಇಸ್ಲಾಂ ಧರ್ಮ, ಮಲಯ್ ಮಾತು, ಮಲಯ್ ರೂಢಿ. ಅಂದರೆ ಅಲ್ಲಿ ಪ್ರೀತಿಯ ಕಥೆ ಶುರುವಾದ ಕೂಡಲೇ ಧರ್ಮ, ಕಾನೂನು, ಮನೆ ಮೂರೂ ಬಂದು ಕೂತುಬಿಡುತ್ತವೆ.

"ಭಾಷೆ ಒಂದಕ್ಷರ ಬರಲ್ಲ. ನಮಗೆ ಏನಾದ್ರೂ ಹಿಡಿ ಸಿಗುತ್ತಾ?"

ನಮಗೆ ಸಿಗುವಷ್ಟು ಇಂಗ್ಲಿಷರಿಗೂ ಸಿಗುವುದಿಲ್ಲ. ಗಂಡ ‘ಸುವಾಮಿ’, ಹೆಂಡತಿ ‘ಇಸ್ತ್ರಿ’. ಪಾಪ ಮಾಡಿದರೆ ‘ದೋಸಾ’, ನಿಷ್ಠೆಗೆ ‘ಸೆತಿಯಾ’, ದುಃಖಕ್ಕೆ ‘ದುಕಾ’. ತಾಯಿಗೆ ಎದುರು ನಿಂತ ಮಗ ‘ದರ್‌ಹಾಕಾ’, ನಮ್ಮ ದ್ರೋಹದ ನಂಟ. ಸಂಸಾರ ಅನ್ನುವ ಪದ ಅಲ್ಲಿಗೆ ಹೋಗಿ ‘ಸೆಂಗ್ಸಾರಾ’ ಆಗಿದೆ, ಅರ್ಥ ಬರೀ ಕಷ್ಟ! ಇದನ್ನು ಹೇಳಿದಾಗ ನಮ್ಮತ್ತೆ ಬಿದ್ದು ಬಿದ್ದು ನಕ್ಕರು.

ಎಲ್ಲಕ್ಕಿಂತ ಮಜಾ ಅಂದರೆ ‘ಚಿಂತಾ’. ನಮಗೆ ಚಿಂತೆ, ಅವರಿಗೆ ಪ್ರೀತಿ. ಮೊದಲ ಸಲ ಪುಸ್ತಕದಂಗಡಿಯಲ್ಲಿ ‘ನೊವೆಲ್ ಚಿಂತಾ’ ಅನ್ನುವ ಫಲಕ ನೋಡಿ, ಚಿಂತೆಗೆ ಇಷ್ಟು ದೊಡ್ಡ ಕಪಾಟಾ ಅಂದುಕೊಂಡಿದ್ದೆ. ಓದಿದ ಮೇಲೆ ಎರಡೂ ಅರ್ಥ ಸರಿಯೇ ಅನ್ನಿಸಿತು.

"ಒಂದೇ ಒಂದು ಸಿನಿಮಾ ಹೇಳಿ. ಜಾಸ್ತಿ ಪಟ್ಟಿ ಬೇಡ."

ನಿರ್ದೇಶಕಿ ಯಾಸ್ಮಿನ್ ಅಹ್ಮದ್ ಅವರ ‘ಸೆಪೆಟ್’, 2004ರದ್ದು. ಸೆಪೆಟ್ ಅಂದರೆ ಕಿರಿದಾದ ಕಣ್ಣು. ಚೀನೀಯರನ್ನು ಆಡಿಕೊಳ್ಳಲು ಬಳಸುವ ಮಾತು. ಅದನ್ನೇ ಪ್ರೇಮಕಥೆಯ ಹೆಸರು ಮಾಡಿದರು.

ಊರು ಇಪೋ. ಒರ್ಕೆಡ್ ಮಲಯ್ ಹುಡುಗಿ, ಶಾಲೆ ಮುಗಿಸಿದವಳು, ಹಾಂಗ್‌ಕಾಂಗ್ ಸಿನಿಮಾದ ಹುಚ್ಚು. ಜೇಸನ್ ಚೀನೀ ಹುಡುಗ, ಬೀದಿಯಲ್ಲಿ ಕಳ್ಳ ಸೀಡಿ ಮಾರುತ್ತಾನೆ. ಅವಳು ಸೀಡಿ ಕೊಳ್ಳಲು ಬರುತ್ತಾಳೆ. ಅಷ್ಟೇ ಶುರು. ಆದರೆ ಈ ಬೀದಿ ಹುಡುಗ ಮೊದಲ ದೃಶ್ಯದಲ್ಲಿ ಏನು ಮಾಡುತ್ತಿರುತ್ತಾನೆ ಗೊತ್ತಾ? ಅಮ್ಮನಿಗೆ ಟ್ಯಾಗೋರ್ ಕವಿತೆ ಓದಿ ಹೇಳುತ್ತಿರುತ್ತಾನೆ, ಚೀನೀ ಅನುವಾದದಲ್ಲಿ. ಇಲ್ಲಿ ನಾನು ಸೋತೆ. ಪುಂಡ ಅಂದರೆ ಹೀಗೇ ಇರಬೇಕು ಅಂತ ನಮ್ಮ ತಲೆಯಲ್ಲಿರುವ ಚಿತ್ರವನ್ನು ಯಾಸ್ಮಿನ್ ಮೊದಲ ನಿಮಿಷದಲ್ಲೇ ಒರೆಸಿ ಹಾಕುತ್ತಾರೆ.

ಆಮೇಲೆ ಒರ್ಕೆಡ್‌ಗೆ ವಿದ್ಯಾರ್ಥಿವೇತನ ಸಿಗುತ್ತದೆ, ಇಂಗ್ಲೆಂಡಿಗೆ ಹೊರಡುತ್ತಾಳೆ. ಜೇಸನ್‌ಗೆ ಆ ದಾರಿ ಇಲ್ಲ. ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅನ್ನುವುದು, ಮಲಯ್ ಜನರಿಗೆ ಆದ್ಯತೆ ಇರುವ ಮಲೇಷ್ಯಾದಲ್ಲಿ, ನಮ್ಮ ಜಾತಿ ಮೀಸಲಾತಿಯಷ್ಟೇ ಸುಡುವ ವಿಷಯ. ಸಿನಿಮಾ ಅದನ್ನು ಭಾಷಣ ಮಾಡದೆ ಹೇಳುತ್ತದೆ. ಕೊನೆ ಹೇಳುವುದಿಲ್ಲ, ನೋಡಿ. ವಿಮಾನ ನಿಲ್ದಾಣದ ದಾರಿ, ಒಂದು ಪತ್ರ, ಒಂದು ಫೋನ್ ಅಂತ ಮಾತ್ರ ಹೇಳುತ್ತೇನೆ.

"ಕಪ್ಪು ಬಿಳುಪು ಕಾಲದಲ್ಲಿ ನಮ್ಮವರು ಯಾರಾದ್ರೂ ಅಲ್ಲಿ ಇದ್ರಾ?"

ಇದ್ದರು, ಅದೂ ಬುನಾದಿಯಲ್ಲೇ. ಮೊದಲ ಮಲಯ್ ಸಿನಿಮಾ ಅನ್ನಿಸಿಕೊಂಡದ್ದು 1930ರ ದಶಕದ ‘ಲೈಲಾ ಮಜ್ನೂನ್’. ಹೆಸರಲ್ಲೇ ಗೊತ್ತಾಗುತ್ತದೆ, ಪ್ರೀತಿಯಲ್ಲಿ ಹುಚ್ಚನಾದ ಹುಡುಗನ ಕಥೆ. ನಿರ್ದೇಶಕ ಭಾರತದ ಬಿ.ಎಸ್. ರಾಜಹಂಸ್. ಯುದ್ಧ ಮುಗಿದ ಮೇಲೆ ಸಿಂಗಾಪುರದಲ್ಲಿ ಎರಡು ದೊಡ್ಡ ಸ್ಟುಡಿಯೋ ಎದ್ದವು: ಜಾಲನ್ ಅಂಪಾಸ್ ಬೀದಿಯ ಶಾ ಸಹೋದರರದ್ದು, ಮತ್ತು ಕ್ಯಾಥೆ ಕೆರಿಸ್. ದುಡ್ಡು ಚೀನೀಯರದ್ದು, ನಟರು ಮಲಯ್, ನಿರ್ದೇಶಕರು ಬಹಳ ಕಾಲ ಭಾರತದವರು. ಎಲ್. ಕೃಷ್ಣನ್, ಬಿ.ಎನ್. ರಾವ್, ಫಣಿ ಮಜುಂದಾರ್ ಎಲ್ಲ ಅಲ್ಲಿ ದುಡಿದವರು. ನಮ್ಮ ಕು.ರಾ. ಸೀತಾರಾಮ ಶಾಸ್ತ್ರಿಗಳೂ ಅಲ್ಲಿಗೆ ಹೋಗಿ ಮಲಯ್ ಚಿತ್ರ ನಿರ್ದೇಶಿಸಿದ್ದರು. ಹಾಗಾಗಿ ಹಳೇ ಮಲಯ್ ಸಿನಿಮಾದಲ್ಲಿ ಅಳು, ಹಾಡು, ಅತ್ತೆ ಕಾಟ ನೋಡಿ ‘ಅರೆ, ನಮ್ಮದೇ ಇದ್ದಂಗಿದೆ’ ಅನ್ನಿಸಿದರೆ ಅದು ಭ್ರಮೆಯಲ್ಲ.

"ಪಿ. ರಾಮ್ಲಿ, ಪಿ. ರಾಮ್ಲಿ ಅಂತಾರಲ್ಲ, ಅಂಥದ್ದೇನು?"

ನಟ, ಗಾಯಕ, ಸಂಗೀತಗಾರ, ನಿರ್ದೇಶಕ. 1929ರಲ್ಲಿ ಪೆನಾಂಗ್‌ನಲ್ಲಿ ಹುಟ್ಟಿ 1973ರಲ್ಲಿ ತೀರಿಕೊಂಡರು. ಟ್ಯಾಕ್ಸಿಯವನಿಂದ ಮಂತ್ರಿಯವರೆಗೆ ಎಲ್ಲರ ಬಾಯಲ್ಲೂ ಅವರ ಹಾಡು.

ಅವರ 1962ರ ‘ಇಬು ಮರ್ತುವಾಕು’ ನೋಡಿ. ಹೆಸರಿನ ಅರ್ಥ ‘ನನ್ನ ಅತ್ತೆ’. ಶ್ರೀಮಂತರ ಮಗಳು ಸಬರಿಯಾ ರೇಡಿಯೋದಲ್ಲಿ ಸ್ಯಾಕ್ಸೊಫೋನ್ ಕೇಳಿ ಕಾಸಿಂ ಸೆಲಾಮತ್‌ಗೆ ಮನಸ್ಸು ಕೊಡುತ್ತಾಳೆ. ಅಮ್ಮ ಕೇಳುವುದು ಒಂದೇ: ಹುಡುಗ ವಕೀಲನಾ, ಮ್ಯಾಜಿಸ್ಟ್ರೇಟಾ? ಸಂಗೀತಗಾರ ಅಂದ ಕೂಡಲೇ ಮನೆಯಿಂದ ಆಚೆ. ಇಬ್ಬರೂ ಪೆನಾಂಗ್‌ಗೆ ಹೋಗುತ್ತಾರೆ, ಬಡತನ ಹಿಂಡುತ್ತದೆ. ಬಸುರಿ ಮಗಳನ್ನು ಅಮ್ಮ ವಾಪಸ್ ಕರೆಸಿಕೊಳ್ಳುತ್ತಾಳೆ. ಹೆರಿಗೆಯಲ್ಲಿ ಸತ್ತಳು ಅಂತ ಅಳಿಯನಿಗೆ ಸುಳ್ಳು ತಂತಿ ಕಳಿಸುತ್ತಾಳೆ. ಮಗಳನ್ನು ಕಣ್ಣಿನ ಡಾಕ್ಟರಿಗೆ ಮದುವೆ ಮಾಡಿಕೊಡುತ್ತಾಳೆ. ಇತ್ತ ಅತ್ತೂ ಅತ್ತೂ ಕಾಸಿಂ ಕುರುಡನಾಗುತ್ತಾನೆ. ಮುಂದೊಂದು ದಿನ ಅವನಿಗೆ ಕಣ್ಣು ಕೊಡುವವನು ಅದೇ ಡಾಕ್ಟರು. ಸತ್ಯ ತಿಳಿದಾಗ ಕಾಸಿಂ ಎರಡು ಫೋರ್ಕ್ ಎತ್ತಿಕೊಂಡು ತನ್ನ ಕಣ್ಣಿಗೇ ಚುಚ್ಚಿಕೊಳ್ಳುತ್ತಾನೆ.

ಕೇಳಿದರೆ ಅತಿ ಅನ್ನಿಸುತ್ತದೆ. ನೋಡುವಾಗ ಉಸಿರು ಬರುವುದಿಲ್ಲ.

## ಸ್ವಲ್ಪ ನೋಡಿದವರಿಗೆ

"ಮೊದಲ ಪ್ರೇಮ ಕಾದಂಬರಿ ಯಾವುದು?"

ಸಾಮಾನ್ಯವಾಗಿ ಹೆಸರಿಸುವುದು ‘ಫರೀದಾ ಹನೂಮ್’ ಕಥೆಯನ್ನು. 1920ರ ದಶಕದ ನಡುವೆ ಬಂದದ್ದು, ಬರೆದವರು ಸೈಯದ್ ಶೇಖ್ ಅಲ್ ಹಾದಿ. ವಿಚಿತ್ರ ಅಂದರೆ ಕಥೆ ನಡೆಯುವುದು ಈಜಿಪ್ಟ್‌ನಲ್ಲಿ. ಹುಡುಗಿ ಓದಿದವಳು, ತನ್ನ ಹುಡುಗನನ್ನು ತಾನೇ ಒಪ್ಪಿದವಳು. ತಮ್ಮ ಊರಿನ ಹುಡುಗಿಯ ಬಾಯಲ್ಲಿ ಆಗ ಇದನ್ನು ಹೇಳಿಸುವುದು ಕಷ್ಟ ಇತ್ತು ಅಂತ ನನ್ನ ಊಹೆ. ಲೇಖಕರು ಧರ್ಮ ಸುಧಾರಕರು. ಪ್ರೇಮಕಥೆಯೊಳಗೆ ಹೆಣ್ಣುಮಕ್ಕಳ ಓದಿನ ಪಾಠ ಅಡಗಿಸಿಟ್ಟರು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. 1927ರಲ್ಲಿ ಅವರು ಪೆನಾಂಗ್‌ನ ಜೆಲುಟಾಂಗ್‌ನಲ್ಲಿ ಸ್ವಂತ ಮುದ್ರಣಾಲಯ ಹಾಕಿದರು.

"ಆ ದಪ್ಪ ದಪ್ಪ ಪ್ರೇಮ ಕಾದಂಬರಿಗಳನ್ನ ಯಾರು ಓದ್ತಾರೆ?"

ಕಾಲೇಜು ಹುಡುಗಿಯರು, ಆಫೀಸಿನವರು, ಫ್ಯಾಕ್ಟರಿಯವರು, ಗೃಹಿಣಿಯರು. ರೈಲಿನಲ್ಲಿ ಐನೂರು ಪುಟದ ಕಾದಂಬರಿ ಹಿಡಿದು ಕಣ್ಣೊರೆಸಿಕೊಳ್ಳುವವರನ್ನು ನಾನೇ ನೋಡಿದ್ದೇನೆ. ಇಂಥ ಬರಹಕ್ಕೆ ಅಲ್ಲಿ ‘ಜಿವಾಂಗ್’ ಅನ್ನುತ್ತಾರೆ. ಅಳುಬುರುಕು, ಪ್ರೇಮದಲ್ಲಿ ಕರಗಿ ಹೋಗುವಂಥದ್ದು ಅಂತ. ಬೈಗುಳವೂ ಹೌದು, ಮುದ್ದಿನ ಮಾತೂ ಹೌದು.

ಹೆಸರಾಂತ ಪ್ರಕಾಶನ ಅಲಾಫ್ 21, ಶಾ ಆಲಂನ ಕರಂಗ್‌ಕ್ರಾಫ್ ಗುಂಪಿನದು. ಆಮೇಲೆ ಅಂತರ್ಜಾಲದಲ್ಲಿ ಅಧ್ಯಾಯ ಅಧ್ಯಾಯವಾಗಿ ಬರೆಯುವವರು ಬಂದರು. ಓದುಗರು ಹಿಡಿದರೆ ಪುಸ್ತಕ, ಪುಸ್ತಕ ಓಡಿದರೆ ಟಿವಿ3ರ ಸಂಜೆ ಧಾರಾವಾಹಿ. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಹರಿದು, ಹೊಲಿಸಿ, ರಟ್ಟು ಹಾಕಿಸಿ ಇಡುತ್ತಿದ್ದರು. ಅದೇ ಜನ, ಬೇರೆ ಊರು.

"ಎಲ್ಲ ಕಥೆಯಲ್ಲೂ ಮೊದಲು ಮದುವೆ, ಆಮೇಲೆ ಪ್ರೀತಿ. ಯಾಕೆ ಹಂಗೆ?"

ಒಳ್ಳೆ ಪ್ರಶ್ನೆ. ಬಲವಂತದ ಮದುವೆಗೆ ‘ಕಾವಿನ್ ಪಕ್ಸಾ’, ಒಪ್ಪಂದದ ಮದುವೆಗೆ ‘ಕಾವಿನ್ ಕೊಂತ್ರಾಕ್’ ಅನ್ನುತ್ತಾರೆ. ಇಡೀ ಕಪಾಟು ಇವೇ. ಸೊಕ್ಕಿನ ಶ್ರೀಮಂತ ಹುಡುಗ, ಬಡ ಹುಡುಗಿ, ಒಂದೇ ಮನೆ, ಬೇರೆ ಬೇರೆ ಕೋಣೆ, ದಿನಾ ಜಗಳ.

ಇದರ ಹಿಂದೆ ಕಥೆಗಾರರ ಲೆಕ್ಕಾಚಾರ ಇದೆ. ಮದುವೆಯಾಗದ ಮುಸ್ಲಿಂ ಗಂಡು ಹೆಣ್ಣು ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಇರುವುದು ಅಲ್ಲಿ ‘ಖಲ್ವತ್’, ಶರಿಯಾ ಕಾನೂನಿನಲ್ಲಿ ಅಪರಾಧ. ಧಾರ್ಮಿಕ ಇಲಾಖೆಯವರು ಬಾಗಿಲು ತಟ್ಟಬಹುದು. ಹಾಗಿದ್ದಾಗ ಇಬ್ಬರನ್ನು ಒಂದೇ ಸೂರಿನಡಿ ಕೂರಿಸುವುದು ಹೇಗೆ? ಮೊದಲ ಐವತ್ತು ಪುಟದಲ್ಲೇ ನಿಕಾಹ್ ಮಾಡಿಸಿಬಿಡಿ. ಆಮೇಲೆ ಓದುಗರಿಗೂ ನೆಮ್ಮದಿ, ಬರೆಯುವವರಿಗೂ ನೆಮ್ಮದಿ. ಕದ್ದು ಸಿಕ್ಕಿಬಿದ್ದು, ಮರ್ಯಾದೆಗೆ ಅಂಜಿ ಮದುವೆ ಮಾಡಿಸುವ ಕಥೆಗಳೂ ಬೇಕಾದಷ್ಟಿವೆ. ಸುಮ್ನೆ ಸಂಪ್ರದಾಯ ಅಂತ ಮೂಗು ಮುರಿಯಬೇಡಿ. ಬೇಲಿ ಇರುವ ಹೊಲದಲ್ಲಿ ಬೇಲಿಗೆ ತಕ್ಕಂತೆ ಬಳ್ಳಿ ಹಬ್ಬಿಸಿದ್ದಾರೆ.

"ಮಾತ್ ರೆಂಪಿತ್ ಅಂದ್ರೆ ಯಾರು?"

ರಾತ್ರಿ ಹೆದ್ದಾರಿಯಲ್ಲಿ ಕಳ್ಳ ರೇಸ್ ಬಿಡುವ ಹುಡುಗರು. ಗಾಡಿ ‘ಕಪ್‌ಚಾಯ್’, ಅಂದರೆ ಪುಟ್ಟ ಎಂಜಿನ್ನಿನ ಅಗ್ಗದ ಬೈಕು. ಸೀಟಿನ ಮೇಲೆ ಬೋರಲು ಮಲಗಿ, ಕಾಲು ಹಿಂದಕ್ಕೆ ಚಾಚಿ ಓಡಿಸುವುದಕ್ಕೆ ಅವರಿಟ್ಟ ಹೆಸರು ‘ಸೂಪರ್‌ಮ್ಯಾನ್’.

ಇವರ ಹಿಂದಿನ ಕಥೆ ದೊಡ್ಡದು. 1969ರ ಮಲಯ್ ಚೀನೀ ಗಲಭೆ, ಮಲಯ್ ಜನರಿಗೆ ಓದು, ಉದ್ಯೋಗದಲ್ಲಿ ಆದ್ಯತೆ ಕೊಟ್ಟ 1971ರ ಹೊಸ ಆರ್ಥಿಕ ನೀತಿ, ಆಮೇಲೆ ಹಳ್ಳಿಯ ಮಲಯ್ ಕುಟುಂಬಗಳು ಪಟ್ಟಣ ಸೇರಿದ್ದು. ಕೆಲವರ ಮಕ್ಕಳು ವಿದೇಶಕ್ಕೆ ಓದಲು ಹೋದರು. ಕಾದಂಬರಿಯ ನಾಯಕ ಆಗುವವನು ಇವನೇ, ಲಂಡನ್ನಿಂದ ಬಂದು ಅಪ್ಪನ ಕಂಪನಿ ನೋಡಿಕೊಳ್ಳುವವನು. ಇನ್ನು ಕೆಲವರ ಮಕ್ಕಳು ಚಿಕ್ಕ ಫ್ಲಾಟುಗಳಲ್ಲಿ ಬೆಳೆದರು, ಓದು ಹತ್ತಲಿಲ್ಲ, ಕೈಯಲ್ಲಿ ಬೈಕು ಮಾತ್ರ. ಸಿನಿಮಾದ ಪುಂಡ ಇವನು. ಒಂದೇ ಊರಿನ ಎರಡು ಬಾಗಿಲು.

2002ರ ‘ಕೆಎಲ್ ಮೆಂಜೆರಿತ್’, 2006ರ ‘ರೆಂಪ್ ಇಟ್’ ಈ ಹುಡುಗರ ಮೇಲಿನ ಚಿತ್ರಗಳು. ನನಗೆ ಮೊದಲನೆಯದು ಇಷ್ಟ. ಅದರಲ್ಲಿ ಬೈಕಿಗಿಂತ ಹುಡುಗರ ಮುಖ ಜಾಸ್ತಿ ಕಾಣುತ್ತದೆ.

"ಉದ್ದ ಕೂದಲಿನ ರಾಕ್ ಹಾಡುಗಾರರು ಇದರಲ್ಲಿ ಎಲ್ಲಿ ಬರ್ತಾರೆ?"

ರೆಂಪಿತ್‌ಗಿಂತ ಮುಂಚೆ ಊರಿಗೆ ತಲೆನೋವು ಇವರೇ. ಬಿಗಿ ಜೀನ್ಸು, ಉದ್ದ ಕೂದಲು, ಹಾಡು ಮಾತ್ರ ಬರೀ ವಿರಹ. ‘ರಾಕ್ ಕಪಾಕ್’ ಅನ್ನುತ್ತಾರೆ, ಕಪಾಕ್ ಅಂದರೆ ಕೊಡಲಿ. ಸರ್ಚ್ ತಂಡದ ‘ಇಸಾಬೆಲಾ’ 1989ರಲ್ಲಿ ಊರು ತುಂಬ ಮೊಳಗಿತು, ಬೇರೆ ಬೇರೆ ಧರ್ಮದ ಇಬ್ಬರ ಪ್ರೀತಿಯ ಹಾಡು.

1992ರಲ್ಲಿ ಉದ್ದ ಕೂದಲಿನವರಿಗೆ ಸರ್ಕಾರಿ ಟಿವಿಯ ಬಾಗಿಲು ಮುಚ್ಚಿತು. ಕೊನೆಗೆ ಸರ್ಚ್ ತಂಡದ ಆಮಿ, ವಿಂಗ್ಸ್ ತಂಡದ ಆವಿ ಇಬ್ಬರೂ ಕೂದಲು ಕತ್ತರಿಸಿಕೊಂಡರು. ಅಭಿಮಾನಿಗಳು ಅತ್ತರಂತೆ. ಎರಡೇ ವರ್ಷಕ್ಕೆ, 1994ರಲ್ಲಿ, ಅದೇ ಆವಿ ಯೂಸುಫ್ ಹಸ್ಲಂ ಅವರ ‘ಸೆಂಬಿಲು’ ಚಿತ್ರದ ನಾಯಕ. ಜೊತೆಗೆ ಜಿಯಾನಾ ಜೈನ್, ಎರ್ರಾ ಫಜೀರಾ. ಸೆಂಬಿಲು ಅಂದರೆ ಬಿದಿರಿನ ಸಿಬಿರು. ಚುಚ್ಚಿದರೆ ಕಾಣುವುದಿಲ್ಲ, ನೋವು ಮಾತ್ರ ಹೋಗುವುದಿಲ್ಲ.

## ಬಹಳ ನೋಡಿದವರಿಗೆ, ಜಗಳಕ್ಕೆ ಬರುವವರಿಗೆ

"ಬೈಕ್ ರೇಸಿನ ಇಂಥ ಸಿನಿಮಾ ನೋಡಿ ಹುಡುಗರು ಇನ್ನೂ ಕೆಡಲ್ವಾ?"

ಅಲ್ಲಿನ ಪತ್ರಿಕೆಗಳೂ ಇದನ್ನೇ ಕೇಳಿವೆ. ಎಂಬತ್ತು ನಿಮಿಷ ರೇಸು, ಕೊನೆಯ ಹತ್ತು ನಿಮಿಷ ಬುದ್ಧಿಮಾತು. ನೋಡುವವನಿಗೆ ನೆನಪಿರುವುದು ಯಾವುದು ಅಂತ ಹೇಳಬೇಕಾಗಿಲ್ಲ.

ಆದರೆ ಆ ಹತ್ತು ನಿಮಿಷ ಯಾಕಿದೆ ಅಂತ ನೋಡಿ. ‘ಇನ್ಸಾಫ್’ ಅನ್ನುವ ಪದ ಹಿಂದಿಯಲ್ಲಿ ನ್ಯಾಯ. ಮಲಯ್‌ನಲ್ಲಿ ಅದರ ಅರ್ಥ ತಪ್ಪಿನ ಅರಿವಾಗುವುದು. ಇನ್ನೊಂದು ನುಡಿಗಟ್ಟು ‘ಬಾಲಿಕ್ ಕೆ ಪಂಗ್ಕಾಲ್ ಜಾಲನ್’, ದಾರಿ ಶುರುವಾದ ಜಾಗಕ್ಕೆ ಮರಳುವುದು. ಪುಂಡರ ಕಥೆ ಇರಲಿ, ಪ್ರೇಮಕಥೆ ಇರಲಿ, ಕೇಳುವ ಪ್ರಶ್ನೆ ಒಂದೇ: ಇವನು ಮನೆಗೆ ಮರಳುತ್ತಾನಾ? ಮರಳಿಸುವ ಹಗ್ಗ ಸಾಮಾನ್ಯವಾಗಿ ಒಬ್ಬ ಹುಡುಗಿ. 2009ರಲ್ಲಿ ಟಿವಿ3ರಲ್ಲಿ ಬಂದ ‘ನೂರ್ ಕಾಸಿಹ್’ ಧಾರಾವಾಹಿ ಪೂರ್ತಿ ಇದೇ. ಭಾರತ ಮೂಲದ ಕಬೀರ್ ಭಾಟಿಯಾ ನಿರ್ದೇಶನ. ಸಿಡ್ನಿಯಲ್ಲಿ ದಾರಿ ತಪ್ಪಿದ ಆಡಂ, ಮನೆಯವರು ಕಟ್ಟಿದ ನೂರ್ ಅಮೀನಾ. ‘ಮದುವೆ ಮಾಡಿ, ಸರಿ ಹೋಗ್ತಾನೆ’ ಅನ್ನುವ ನಮ್ಮ ಹಿರಿಯರ ಮಾತು ಅಲ್ಲಿ ಇಪ್ಪತ್ತಾರು ಕಂತು ಆಗಿದೆ.

ಈ ಹಗ್ಗ ಇಲ್ಲದ ಕಥೆ ಬೇಕಾದರೆ ‘ಜುವಾನಾ’ ನೋಡಿ. 2011ರ ಧಾರಾವಾಹಿ, 2013ರಲ್ಲಿ ಸಿನಿಮಾ ಆಯಿತು. ಹುಡುಗರನ್ನು ತಿದ್ದಲು ಇಟ್ಟ ಶಾಲೆಯ ಒಳಗಿನ ಕಥೆ. ಅಲ್ಲಿ ಒಬ್ಬರಿಗೊಬ್ಬರು ಆಗುವವರು ಆ ಹುಡುಗರೇ.

"ಒಂಬಾಕ್ ರಿಂದು ಅಷ್ಟು ಓಡಿತಲ್ಲ. ನನಗೆ ಮಾತ್ರ ಸಿಟ್ಟು ಬಂತು. ನನ್ನದೇ ತಪ್ಪಾ?"

ನಿಮ್ಮ ತಪ್ಪಲ್ಲ. ಹೆಸರಿನ ಅರ್ಥ ಹಂಬಲದ ಅಲೆಗಳು. ಫೌಜಿಯಾ ಅಶಾರಿ ಅವರ ಕಾದಂಬರಿ, 2011ರಲ್ಲಿ ಒಸ್ಮಾನ್ ಅಲಿ ಸಿನಿಮಾ ಮಾಡಿದರು. ಮಾಯಾ ಕರೀನ್, ಆರೋನ್ ಅಜೀಜ್. ಆ ಕಾಲದ ದೊಡ್ಡ ಗಳಿಕೆಯ ಚಿತ್ರಗಳಲ್ಲಿ ಒಂದು.

ಇಜ್ಜಾ ಹಳ್ಳಿಯಲ್ಲಿ ಮಕ್ಕಳಿಗೆ ಕುರಾನ್ ಹೇಳಿಕೊಡುವ ಹುಡುಗಿ. ಚಿಕ್ಕಪ್ಪ ಅವಳನ್ನು ಮಾರಿಬಿಡುತ್ತಾನೆ. ಕೊಂಡ ಹರೀಜ್ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಅವಳೇ ‘ನನ್ನನ್ನು ಮದುವೆಯಾಗು’ ಅಂತ ಬೇಡಿಕೊಳ್ಳುತ್ತಾಳೆ, ಪಾಪದಲ್ಲಿ ಬದುಕಬಾರದು ಅಂತ. ಅಲ್ಲಿಂದ ಮುಂದೆ ಅದು ಪ್ರೇಮಕಥೆ! ಅತ್ಯಾಚಾರಕ್ಕೆ ಪ್ರೀತಿಯ ಬಣ್ಣ ಬಳಿದಿದ್ದಾರೆ ಅಂತ ಮಲೇಷ್ಯಾದಲ್ಲೇ ಬಹಳ ಜನ ತಿರುಗಿ ಬಿದ್ದರು.

ಚಿತ್ರಮಂದಿರದಲ್ಲಿ ಅತ್ತವರೆಲ್ಲ ದಡ್ಡರು ಅಂತಲೂ ನಾನು ಹೇಳುವುದಿಲ್ಲ. ನನ್ನ ಪಕ್ಕದ ಮನೆಯ ‘ಕಾಕ್’, ಅಂದರೆ ಅಕ್ಕ, ಮೂರು ಸಲ ನೋಡಿದ್ದರು. ಯಾಕೆ ಅಂತ ಕೇಳಿದೆ. ‘ಕೊನೆಗೆ ಅವನು ಅವಳ ಕಾಲ ಬಳಿ ಬರ್ತಾನಲ್ಲ, ಅದಕ್ಕೆ’ ಅಂದರು. ಜೀವನದಲ್ಲಿ ಯಾವ ಗಂಡಸೂ ಬಂದು ಕ್ಷಮೆ ಕೇಳದವರಿಗೆ ಆ ಒಂದು ದೃಶ್ಯ ಏನು ಅಂತ ನನಗೆ ಆಗ ಅರ್ಥವಾಯಿತು. ಆದರೂ ಸಿಟ್ಟು ಹೋಗಲಿಲ್ಲ.

"ಹುಡುಗಿ ದಾರಿ ತಪ್ಪಿದ್ರೆ? ಅವಳಿಗೂ ಮರಳೋಕೆ ದಾರಿ ಇದೆಯಾ?"

ಇದೆ, ಆದರೆ ಕಿರಿದು. ಹುಡುಗರ ತಪ್ಪಿಗೆ ಬಗೆಬಗೆಯ ಹೆಸರು, ಕೆಲವದರಲ್ಲಿ ಮುದ್ದೂ ಇದೆ. ಅಹದಿಯತ್ ಅಕಾಶಾ ಅವರ ಹೆಸರಾಂತ ಕಾದಂಬರಿ ‘ಲಗೆಂಡಾ ಬುಡಾಕ್ ಸೆತಾನ್’ನಲ್ಲಿ ನಾಯಕನೇ ‘ಸೈತಾನ್ ಹುಡುಗ’. ಹುಡುಗಿಗೆ ಅಂಥ ಮುದ್ದು ಸಿಗುವುದಿಲ್ಲ. 1970ರ ದಶಕದಲ್ಲಿ ಹಳ್ಳಿ ಬಿಟ್ಟು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗೆ ಬಂದವರನ್ನು ‘ಮಿನಾಹ್ ಕರಾನ್’ ಅಂದರು. ಕರಾನ್ ಅಂದರೆ ಕರೆಂಟು. ದುಡಿದು ಮನೆಗೆ ದುಡ್ಡು ಕಳಿಸಿದ್ದಕ್ಕೆ ಸಿಕ್ಕ ಬಿರುದು. 1990ರ ದಶಕದಲ್ಲಿ ಬೈಕಿನ ಹಿಂದೆ ಕೂರುವ ಹುಡುಗಿ ‘ಬೊಹ್‌ಸಿಯಾ’ ಆದಳು. ಹೊಕ್ಕಿಯೆನ್ ಚೀನೀ ಭಾಷೆಯಲ್ಲಿ ಅದರ ಅರ್ಥ ‘ಸದ್ದಿಲ್ಲ’. ಸದ್ದಿಲ್ಲದವಳು ಅಂತ ಹೆಸರಿಟ್ಟ ಮೇಲೆ ಅವಳ ಮಾತು ಯಾರು ಕೇಳುತ್ತಾರೆ?

2009ರಲ್ಲಿ ಅದೇ ಹೆಸರಿನ ಸಿನಿಮಾ ಬಂತು, ‘ಕತ್ತಲ ದಾರಿ ಹಿಡಿಯಬೇಡ’ ಅನ್ನುವ ಉಪದೇಶದ ಅಡಿಬರಹದೊಂದಿಗೆ. ನನಗೆ ಅದಕ್ಕಿಂತ 1996ರ ‘ಮರಿಯಾ ಮರಿಯಾನಾ’ ಮೇಲು. ಒಬ್ಬಳು ಪೊಲೀಸ್, ಒಬ್ಬಳು ಹಠಮಾರಿ ಪುಂಡಿ, ಅಕ್ಕ ತಂಗಿ. ಮರಳಿಸುವ ಹಗ್ಗ ಇಲ್ಲಿ ಹೆಣ್ಣಿನದ್ದೇ ಕೈಯಲ್ಲಿದೆ, ಮರಳಬೇಕಾದವಳೂ ಹೆಣ್ಣೇ.

"ಬೇರೆ ಧರ್ಮದವರನ್ನ ಪ್ರೀತಿಸಿದ್ರೆ ಕಥೆಯಲ್ಲಿ ಯಾರಾದ್ರೂ ಸಾಯಲೇಬೇಕಾ?"

ಹಾಗನ್ನಿಸುವಷ್ಟು ಸಾಯುತ್ತಾರೆ. ಕಾರಣ ಸರಳ. ಮುಸ್ಲಿಮರನ್ನು ಮದುವೆಯಾಗಬೇಕಾದರೆ ಇನ್ನೊಬ್ಬರು ಮತಾಂತರ ಆಗಬೇಕು, ಕಾನೂನೇ ಹಾಗೆ. ಮತಾಂತರ ಆದರೆ ಒಂದು ಕಡೆಯ ಪ್ರೇಕ್ಷಕರಿಗೆ ಸಿಟ್ಟು, ಆಗದಿದ್ದರೆ ಇನ್ನೊಂದು ಕಡೆಯವರಿಗೆ. ಸಾವು ಬಂದರೆ ಕಥೆಗಾರ ಬಚಾವ್.

ಯಾಸ್ಮಿನ್ 2009ರ ‘ಟ್ಯಾಲೆಂಟೈಮ್’ನಲ್ಲಿ ಇದರಿಂದ ಚೂರು ಪಕ್ಕಕ್ಕೆ ಸರಿದರು. ಮಹೇಶ್ ಕಿವಿ ಕೇಳಿಸದ ಹಿಂದೂ ಹುಡುಗ. ಶಾಲೆಯ ಹಾಡಿನ ಸ್ಪರ್ಧೆಗೆ ಮೆಲೂರ್‌ಳನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿ ಬರುವ ಕೆಲಸ ಅವನದು. ಅವಳು ಹಾಡುವವಳು, ಅವನಿಗೆ ಹಾಡು ಕೇಳಿಸುವುದಿಲ್ಲ. ಒಂದು ಕಡೆ ಹಿಂದಿಯ ‘ಓ ರೇ ಪಿಯಾ’ ಬರುತ್ತದೆ, ನಾವು ನೂರು ಸಲ ಕೇಳಿದ ಹಾಡು. ಅಲ್ಲಿ ಕೇಳಿದಾಗ ಬೇರೆಯೇ ಅನ್ನಿಸಿತು. ಆ ವರ್ಷವೇ ಜುಲೈ 25ರಂದು ಯಾಸ್ಮಿನ್ ತೀರಿಕೊಂಡರು.

ಅವರು ಬದುಕಿದ್ದಾಗ ಬೈದವರು ಕಡಿಮೆಯಲ್ಲ. ಇವರ ಚಿತ್ರಗಳು ಸಂಸ್ಕೃತಿ ಕೆಡಿಸುತ್ತವಾ ಅಂತ 2006ರಲ್ಲಿ ಟಿವಿಯಲ್ಲಿ ಚರ್ಚೆಯೇ ನಡೆಯಿತು. ಅದರ ಹಿಂದಿನ ವರ್ಷ ‘ಸೆಪೆಟ್’ಗೆ ಮಲೇಷ್ಯಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂದಿತ್ತು!

"ಅಳು ಸಾಕಾಯ್ತು. ಬೇರೆ ಥರ ಬರೆಯೋರು ಇಲ್ವಾ?"

ಇದ್ದಾರೆ. 2011ರಲ್ಲಿ ಸಿನಿಮಾ ನಿರ್ದೇಶಕ ಅಮೀರ್ ಮುಹಮ್ಮದ್ ‘ಫಿಕ್ಸಿ’ ಅನ್ನುವ ಪ್ರಕಾಶನ ಶುರು ಮಾಡಿದರು. ಊರು ಕೌಲಾಲಂಪುರ, ಹೊತ್ತು ರಾತ್ರಿ, ಹೆಸರು ಹೆಚ್ಚಾಗಿ ಒಂದೇ ಪದ: ‘ಪೆಚಾಹ್’, ‘ಕೌಗರ್’. ಮೊದಲನೆಯದರ ಅರ್ಥ ‘ಒಡೆದದ್ದು’. ಭಾಷೆ ಬೀದಿಯದು, ಬೈಗುಳ ಸಮೇತ. ಇಲ್ಲಿ ಪುಂಡ ಕೊನೆಗೆ ಒಳ್ಳೆಯವನಾಗಲೇಬೇಕು ಅನ್ನುವ ಹಠ ಇಲ್ಲ. ಪ್ರೀತಿ ಇದೆ, ಮದುವೆಗೆ ಅವಸರ ಇಲ್ಲ.

ಪುಸ್ತಕ ಮೇಳದಲ್ಲಿ ಒಮ್ಮೆ ಫಿಕ್ಸಿ ಮಳಿಗೆಯಲ್ಲಿ ಹದಿನೆಂಟರ ಹುಡುಗನೊಬ್ಬ ನಾಲ್ಕು ಪುಸ್ತಕ ಎಣಿಸಿ ತೆಗೆದುಕೊಂಡ. ಪಕ್ಕದ ಮಳಿಗೆಗೆ ಹೋಗಿ ಗುಲಾಬಿ ಬಣ್ಣದ ರಕ್ಷಾಪುಟದ ಒಂದು ದಪ್ಪ ಜಿವಾಂಗ್ ಕಾದಂಬರಿಯನ್ನೂ ಕೊಂಡ. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ, ‘ಇದು ಅಮ್ಮನಿಗೆ’ ಅಂದ. ಆಮೇಲೆ ಮೆಟ್ಟಿಲ ಮೇಲೆ ಕೂತು ಮೊದಲು ಬಿಚ್ಚಿದ್ದು ಅದನ್ನೇ.